ಹೆಪ್ಪಿನ ಮೊಸರೂ ಔಷಧದ ಪುಡಿಯೂ

ನಮ್ಮ ಕಡೆಯ ಮನೆಗಳಲ್ಲಿ ಮೊಸರಿಗೆ ಇರುವ ಸ್ಥಾನವನ್ನು ಓದುಗ ಬಂಧುಗಳಿಗೆ ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಎಲ್ಲವೂ ತಾಟಿನಲ್ಲಿದ್ದು ಒಂದು ಸೌಟು ಗಟ್ಟಿ ಮೊಸರು ಇಲ್ಲದೆ ಹೋದರೆ ಊಟ ಅರ್ಧಕ್ಕೆ ನಿಂತಂತೆ. ಜಾತ್ರೆಯ ದಾಸೋಹದಲ್ಲಿ ಕೊನೆಯ ಪಂಕ್ತಿ ಏಳುವ ಹೊತ್ತಿಗೆ ಮಜ್ಜಿಗೆ ತೆಳುವಾಗಿರಬಹುದು, ಆದರೆ ಇಲ್ಲವೆನ್ನುವಂತಿಲ್ಲ. ಹೀಗೆ ತಲೆತಲಾಂತರದಿಂದ ನಮ್ಮೊಡನಿರುವ ಈ ಪದಾರ್ಥಕ್ಕೆ ಇತ್ತೀಚಿನ ವರ್ಷಗಳಲ್ಲಿ ಹೊಸದೊಂದು ಬಿರುದು ದೊರೆತಿದೆ: 'ಪ್ರೋಬಯಾಟಿಕ್'. ಔಷಧದ ಅಂಗಡಿಯಲ್ಲಿ ಅದೇ ಹೆಸರಿನ ಗುಳಿಗೆ, ಅದೇ ಹೆಸರಿನ ಪುಡಿಯ ಪೊಟ್ಟಣ. ಕಿರಾಣಿ ಅಂಗಡಿಯ ಫ್ರಿಜ್ಜಿನಲ್ಲಿ ಅದೇ ಹೆಸರಿನ ಪುಟ್ಟ ಬಾಟಲಿ. ಜೀರ್ಣಶಕ್ತಿ ಹೆಚ್ಚುತ್ತದೆ, ರೋಗನಿರೋಧಕ ಶಕ್ತಿ ಬೆಳೆಯುತ್ತದೆ ಎಂಬ ಎರಡು ಮಾತುಗಳು ಎಲ್ಲದರ ಜೊತೆಗೂ ಬರುತ್ತವೆ.

ಮೂವತ್ತು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿದವಳಾದ್ದರಿಂದ ಮದುವೆ, ಕುಬಸದ ಮನೆಗಳಲ್ಲಿ ಯಾರಾದರೂ ಪಕ್ಕಕ್ಕೆ ಬಂದು ಕುಳಿತು, "ಅಕ್ಕೋರ, ಈ ಗುಳಿಗಿ ತಗೊಂಡ್ರ ಚಲೋ ಏನ್ರಿ?" ಎಂದು ಕೇಳುವುದು ನನಗೆ ರೂಢಿಯಾಗಿದೆ. 'ಚಲೋ' ಎಂದೋ 'ಬ್ಯಾಡ' ಎಂದೋ ಒಂದೇ ಮಾತಿನಲ್ಲಿ ಉತ್ತರ ಬೇಕೆಂಬುದು ಅವರ ಅಪೇಕ್ಷೆ. ಆದರೆ ಈ ಪ್ರಶ್ನೆಗೆ ಒಂದು ಮಾತಿನ ಉತ್ತರವಿಲ್ಲ. ನಮ್ಮ ಮನೆತನದಲ್ಲಿಯೇ ಒಂದರ ಹಿಂದೆ ಒಂದರಂತೆ ಬಂದ ಎರಡು ಕಾಯಿಲೆಗಳು ಇದನ್ನು ಮನದಟ್ಟು ಮಾಡಿಕೊಟ್ಟವು. ಒಂದು ನಮ್ಮ ಅವ್ವನದು, ಇನ್ನೊಂದು ನನ್ನ ತಂಗಿಯದು. ಆ ವಿಷಯಕ್ಕೆ ಬರುವ ಮೊದಲು ಮೊಸರಿನ ಗಡಿಗೆಯೊಳಗೆ ನಡೆಯುವ ಕೆಲಸವನ್ನು ಸ್ವಲ್ಪ ನೋಡುವುದು ಒಳಿತು.

ಕಾಯಿಸಿದ ಹಾಲು ಬೆರಳು ತಾಳುವಷ್ಟು ಬೆಚ್ಚಗಾದಾಗ ಅರ್ಧ ಚಮಚ ಹಳೆಯ ಮೊಸರನ್ನು ಅದರಲ್ಲಿ ಕಲಕಿ ಮುಚ್ಚಿಡುತ್ತೇವೆ. ಆ ಅರ್ಧ ಚಮಚದಲ್ಲಿ ಲ್ಯಾಕ್ಟೊಕಾಕಸ್, ಲ್ಯಾಕ್ಟೊಬ್ಯಾಸಿಲಸ್ ಮೊದಲಾದ ಬ್ಯಾಕ್ಟೀರಿಯಾಗಳು ಕೋಟಿ ಕೋಟಿ ಸಂಖ್ಯೆಯಲ್ಲಿರುತ್ತವೆ. ಹಾಲಿನಲ್ಲಿರುವ ಲ್ಯಾಕ್ಟೋಸ್ ಎಂಬ ಸಕ್ಕರೆಯನ್ನು ತಿಂದು ಅವು ಲ್ಯಾಕ್ಟಿಕ್ ಆಮ್ಲವನ್ನು ಹೊರಬಿಡುತ್ತವೆ. ಹುಳಿ ಏರಿದಂತೆ ಹಾಲಿನ ಕೇಸಿನ್ ಎಂಬ ಪ್ರೋಟೀನು ಒಂದಕ್ಕೊಂದು ಅಂಟಿಕೊಂಡು ಮೊಸರು ಗಟ್ಟಿಯಾಗುತ್ತದೆ. ಅದೇ ಹುಳಿ ಬೇರೆ ಕೆಡುಕಿನ ಜೀವಿಗಳನ್ನು ಹತ್ತಿರ ಬರಗೊಡುವುದಿಲ್ಲ. ಧಾರವಾಡದ ಮಳೆಗಾಲದ ಥಂಡಿಯಲ್ಲಿ ಗಡಿಗೆಗೆ ಕಂಬಳಿಯ ತುಂಡು ಹೊದಿಸಿ ಒಲೆಯ ಮಗ್ಗುಲಿಗೆ ಇಡುತ್ತಿದ್ದ ನಮ್ಮ ಅವ್ವನಿಗೆ ಈ ಜೀವಿಗಳ ಹೆಸರು ತಿಳಿದಿರಲಿಲ್ಲ. ಅವಕ್ಕೆ ಎಷ್ಟು ಬೆಚ್ಚಗಿರಬೇಕೆಂಬುದು ಮಾತ್ರ ಚೆನ್ನಾಗಿ ತಿಳಿದಿತ್ತು. ಮನೆಯ ಹೆಪ್ಪು ಕೆಟ್ಟು ಮೊಸರು ಲೋಳೆಯಾದರೆ ಬಟ್ಟಲು ಹಿಡಿದು ಮಗ್ಗುಲ ಮನೆಗೆ ಹೋಗುವುದು ಹಳ್ಳಿಯಲ್ಲಿ ಸಂಕೋಚದ ವಿಷಯವಲ್ಲ. ಹೀಗೆ ಓಣಿಯಿಂದ ಓಣಿಗೆ, ತವರಿನಿಂದ ಗಂಡನ ಮನೆಗೆ ಹೆಪ್ಪು ಸಂಚರಿಸಿದೆ. ಹಾಗಾಗಿ ಒಬ್ಬರ ಮನೆಯ ಮೊಸರಿನಲ್ಲಿರುವ ಜೀವಿಗಳೇ ಇನ್ನೊಬ್ಬರ ಮನೆಯಲ್ಲಿಯೂ ಇವೆಯೆಂದು ಹೇಳಲು ಬರುವುದಿಲ್ಲ.

ಇಲ್ಲಿಯೇ ಒಂದು ಸೂಕ್ಷ್ಮವಿದೆ. 2001ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಕೂಡಿ ಪ್ರೋಬಯಾಟಿಕ್ ಎಂದರೆ ಏನೆಂದು ನಿರ್ಣಯಿಸಿದರು. ಅದರ ತಾತ್ಪರ್ಯವಿಷ್ಟು: ಜೀವಿಗಳು ಜೀವಂತವಾಗಿರಬೇಕು, ಸಾಕಷ್ಟು ಪ್ರಮಾಣದಲ್ಲಿ ದೇಹವನ್ನು ಸೇರಬೇಕು, ಸೇರಿದ ಮೇಲೆ ಆರೋಗ್ಯಕ್ಕೆ ಉಪಕಾರವಾಗಬೇಕು. ಯಾವ ಜೀವಿ, ಎಷ್ಟು ಸಂಖ್ಯೆ, ಏನು ಉಪಕಾರ ಎಂಬ ಮೂರನ್ನೂ ಪರೀಕ್ಷಿಸಿ ತೋರಿಸಬೇಕೆಂದಾಯಿತು. ಈ ಅಳತೆಗೋಲಿನಿಂದ ನೋಡಿದರೆ ನಮ್ಮ ಮನೆಯ ಮೊಸರು ಪ್ರೋಬಯಾಟಿಕ್ ಎಂಬ ಹೆಸರಿಗೆ ಹಕ್ಕುದಾರನಲ್ಲ. ಅದರೊಳಗಿನ ಜೀವಿಗಳನ್ನು ಹೆಸರು ಹಿಡಿದು ಎಣಿಸಿದವರಿಲ್ಲ. ಇದರಿಂದ ಮೊಸರಿನ ಮರ್ಯಾದೆಗೆ ಕುಂದೇನೂ ಬರುವುದಿಲ್ಲ. ಅದು ಊಟ, ಔಷಧವಲ್ಲ, ಅಷ್ಟೇ.

ಊಟವಾಗಿ ಮೊಸರು ಮಾಡುವ ಉಪಕಾರಗಳಲ್ಲಿ ಒಂದಂತೂ ಸಂಶಯಾತೀತ. ಹಾಲು ಕುಡಿದರೆ ಹೊಟ್ಟೆಯುಬ್ಬರ, ಗುಡುಗುಡು ಎನ್ನುವ ಹಿರಿಯರು ಪ್ರತಿ ಮನೆಯಲ್ಲಿಯೂ ಇರುತ್ತಾರೆ. ಬಾಲ್ಯ ಕಳೆದ ಮೇಲೆ ಅನೇಕರ ಕರುಳಿನಲ್ಲಿ ಲ್ಯಾಕ್ಟೋಸನ್ನು ಒಡೆಯುವ ಕಿಣ್ವ ಕಡಿಮೆಯಾಗುವುದೇ ಇದಕ್ಕೆ ಕಾರಣ. ಮೊಸರಾಗುವಾಗ ಆ ಸಕ್ಕರೆಯ ಒಂದು ಭಾಗ ಕರಗಿಹೋಗಿರುತ್ತದೆ. ಉಳಿದುದನ್ನು ಒಡೆಯಲು ಬೇಕಾದ ಕಿಣ್ವವನ್ನು ಮೊಸರಿನ ಜೀವಿಗಳೇ ಹೊತ್ತು ತರುತ್ತವೆ. ಹಾಲು ಒಗ್ಗದವರಿಗೆ ಮೊಸರು ಒಗ್ಗುವುದು ಇದರಿಂದಲೇ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು ಇಂಥ ಪದಾರ್ಥಗಳ ಪರವಾಗಿ ಬಂದ ನೂರಾರು ಹೇಳಿಕೆಗಳನ್ನು ತಳ್ಳಿಹಾಕಿದರೂ, ಜೀವಂತ ಬ್ಯಾಕ್ಟೀರಿಯಾಗಳಿರುವ ಮೊಸರು ಲ್ಯಾಕ್ಟೋಸನ್ನು ಅರಗಿಸಲು ನೆರವಾಗುತ್ತದೆ ಎಂಬ ಮಾತನ್ನು 2010ರಲ್ಲಿ ಒಪ್ಪಿಕೊಂಡಿತು. ಆದರೆ ಮಜ್ಜಿಗೆಯನ್ನು ಕುದಿಸಿ ಸಾರು ಮಾಡಿದಾಗ ಈ ಜೀವಿಗಳು ಉಳಿಯುವುದಿಲ್ಲ. ಇಡ್ಲಿ, ದೋಸೆಗಳ ಹಿಟ್ಟು ಹುದುಗುವಾಗಲೂ ಇಂಥವೇ ಜೀವಿಗಳು ದುಡಿಯುತ್ತವೆ, ಹಬೆಯಲ್ಲಿಯೂ ಹಂಚಿನ ಮೇಲೆಯೂ ಸಾಯುತ್ತವೆ. ಅವು ಹಿಟ್ಟಿನಲ್ಲಿ ಮಾಡಿಟ್ಟ ಒಳ್ಳೆಯ ಬದಲಾವಣೆ ಉಳಿಯುತ್ತದೆ, ಅವು ಉಳಿಯುವುದಿಲ್ಲ.

ಮೊಸರಿನಲ್ಲಿ ಆಯುಷ್ಯವನ್ನು ಹುಡುಕಿದ ಮೊದಲ ವಿಜ್ಞಾನಿಯ ಕಥೆ ಸ್ವಾರಸ್ಯವಾಗಿದೆ. ರಷ್ಯಾ ಸಾಮ್ರಾಜ್ಯದಲ್ಲಿ 1845ರಲ್ಲಿ ಹುಟ್ಟಿದ ಇಲ್ಯಾ ಮೆಚ್ನಿಕೋವ್, ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದವರು. ರಕ್ತದ ಬಿಳಿಯ ಕಣಗಳು ರೋಗಾಣುಗಳನ್ನು ನುಂಗುವುದನ್ನು ಕಂಡುಹಿಡಿದುದಕ್ಕಾಗಿ 1908ರಲ್ಲಿ ಪಾಲ್ ಎರ್ಲಿಖ್ ಅವರೊಡನೆ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು. 1905ರಲ್ಲಿ ಜಿನೀವಾದಲ್ಲಿ ಓದುತ್ತಿದ್ದ ಬಲ್ಗೇರಿಯಾದ ಸ್ತಾಮೆನ್ ಗ್ರಿಗೊರೊವ್ ಎಂಬ ಯುವಕ ತನ್ನ ನಾಡಿನ ಮೊಸರಿನಲ್ಲಿ ಒಂದು ಬ್ಯಾಸಿಲಸ್ಸನ್ನು ಗುರುತಿಸಿದ್ದ. ಬಲ್ಗೇರಿಯಾದ ರೈತರು ದೀರ್ಘಾಯುಗಳಾಗಿರಲು ಆ ಹುಳಿಹಾಲೇ ಕಾರಣವಿರಬೇಕೆಂದು ಮೆಚ್ನಿಕೋವ್ ನಂಬಿದರು. ತಾವೂ ದಿನಾಲು ಕುಡಿದರು. ಯುರೋಪಿನ ಶ್ರೀಮಂತರೆಲ್ಲ ಮೊಸರಿನ ಬೆನ್ನು ಹತ್ತಿದರು. ಅವರು 1916ರಲ್ಲಿ 71ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಬ್ಯಾಸಿಲಸ್ಸು ಕರುಳಿನಲ್ಲಿ ಮನೆ ಮಾಡಿ ನಿಲ್ಲುವುದಿಲ್ಲವೆಂಬುದೂ ಮುಂದೆ ತಿಳಿಯಿತು. ಬಿಳಿಯ ಕಣಗಳ ವಿಷಯದಲ್ಲಿ ಅವರು ಪ್ರಯೋಗ ಮಾಡಿ ಕಂಡದ್ದು ನಿಂತಿತು. ಆಯುಷ್ಯದ ವಿಷಯದಲ್ಲಿ ಊಹಿಸಿದ್ದು ನಿಲ್ಲಲಿಲ್ಲ. ಆದರೂ ಅಂಗಡಿಯ ಡಬ್ಬಿಗಳ ಮೇಲೆ ಇಂದಿಗೂ ಹೆಚ್ಚಾಗಿ ಕಾಣುವುದು ಆ ಊಹೆಯ ನೆರಳೇ ಎಂದು ನನಗನಿಸುತ್ತದೆ.

ಊಹೆಯ ಹಿಂದೆ ಒಂದು ಸತ್ಯ ಇತ್ತೆಂಬುದನ್ನೂ ಹೇಳಬೇಕು. ನಮ್ಮ ದೇಹದಲ್ಲಿ, ಅದರಲ್ಲಿಯೂ ದೊಡ್ಡ ಕರುಳಿನಲ್ಲಿ, ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆಯೆಂದು 2016ರಲ್ಲಿ ಲೆಕ್ಕ ಹಾಕಲಾಯಿತು. ನಮ್ಮ ಸ್ವಂತ ಜೀವಕೋಶಗಳ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ಈ ಒಕ್ಕಲು ಹುಟ್ಟಿದ ಗಳಿಗೆಯಿಂದ ನಮ್ಮೊಳಗೆ ನೆಲೆಸುತ್ತ ಬರುತ್ತದೆ. ನಾವು ಅರಗಿಸಲಾರದ ನಾರನ್ನು ಇವು ಅರಗಿಸಿ, ಕರುಳಿನ ಒಳಪದರಕ್ಕೆ ಆಹಾರವಾಗುವ ಬ್ಯುಟಿರೇಟ್ ಮುಂತಾದ ಆಮ್ಲಗಳನ್ನು ಕೊಡುತ್ತವೆ. ಜಾಗವನ್ನೆಲ್ಲ ತಾವೇ ತುಂಬಿಕೊಂಡಿರುವುದರಿಂದ ಹೊರಗಿನ ರೋಗಾಣುಗಳಿಗೆ ಕಾಲೂರಲು ಎಡೆ ಸಿಗುವುದಿಲ್ಲ. ದೇಹದ ರಕ್ಷಣೆಗೆ ನಿಂತ ಕೋಶಗಳಲ್ಲಿ ಬಹುದೊಡ್ಡ ಪಾಲು ಕರುಳಿನ ಗೋಡೆಯಲ್ಲಿಯೇ ಇದೆ. ಯಾರು ನಮ್ಮವರು, ಯಾರು ಹೊರಗಿನವರು ಎಂಬುದನ್ನು ಅವು ಕಲಿಯುವುದು ಬಹುಮಟ್ಟಿಗೆ ಈ ಒಕ್ಕಲಿನ ಸಹವಾಸದಿಂದ. ಹೊಟ್ಟೆಗೂ ರೋಗನಿರೋಧಕ ಶಕ್ತಿಗೂ ಸಂಬಂಧವಿದೆಯೆಂಬ ಮಾತು ಹಾಗಾಗಿ ಸುಳ್ಳಲ್ಲ. ಅಂಗಡಿಯಿಂದ ತಂದ ಒಂದು ಗುಳಿಗೆ ಆ ಸಂಬಂಧವನ್ನು ಸುಧಾರಿಸಿಬಿಡುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ.

ಎಂಬತ್ನಾಲ್ಕು ವಯಸ್ಸಿನ ನಮ್ಮ ಅವ್ವನಿಗೆ ಮೂತ್ರಕೋಶದ ಸೋಂಕು ಆಗಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಆಂಟಿಬಯಾಟಿಕ್ ಸೂಜಿಮದ್ದು ಆರಂಭಿಸಿದ ನಾಲ್ಕನೆಯ ದಿನ ಜ್ವರ ಬಿಟ್ಟಿತು, ಭೇದಿ ಹಿಡಿಯಿತು. ಇದು ಅಪರೂಪವಲ್ಲ. ಸೋಂಕಿನ ಜೀವಿಗಳನ್ನು ಕೊಲ್ಲಲು ಕೊಟ್ಟ ಮದ್ದು ಕರುಳಿನ ಒಕ್ಕಲನ್ನೂ ಕಿತ್ತುಹಾಕುತ್ತದೆ. ಖಾಲಿಯಾದ ಜಾಗದಲ್ಲಿ ಕೆಲವೊಮ್ಮೆ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಕ್ರೂರ ಜೀವಿ ತಲೆಯೆತ್ತುತ್ತದೆ. ನನ್ನ ತಮ್ಮ ಕೂಡಲೇ ಪ್ರೋಬಯಾಟಿಕ್ ಗುಳಿಗೆ ತಂದ. ಅವ್ವ ತನಗೆ ಜೀರಿಗೆ ಹಾಕಿದ ಮಜ್ಜಿಗೆಯೇ ಸಾಕೆಂದು ಹಟ ಹಿಡಿದಳು. ಅಲ್ಲಿದ್ದ ಯುವ ವೈದ್ಯೆ ಎರಡಕ್ಕೂ ಅಡ್ಡಿ ಮಾಡಲಿಲ್ಲ. ಅವರು ಮೊದಲು ಮಾಡಿದ ಕೆಲಸಗಳು ಬೇರೆ: ಓಆರ್‌ಎಸ್ ನೀರನ್ನು ಗುಟುಕು ಗುಟುಕಾಗಿ ಕುಡಿಸಲು ಹೇಳಿದರು, ಆ ಕ್ರೂರ ಜೀವಿ ಇದೆಯೋ ಎಂದು ಮಲಪರೀಕ್ಷೆ ಮಾಡಿಸಿದರು, ಅದು ಇಲ್ಲವೆಂದು ಖಚಿತವಾದ ಮೇಲೆ ಆಂಟಿಬಯಾಟಿಕ್ಕನ್ನು ಇನ್ನೆಷ್ಟು ದಿನ ಕೊಡಬೇಕೆಂದು ಲೆಕ್ಕ ಹಾಕಿ ಬೇಗ ನಿಲ್ಲಿಸಿದರು. ಐದು ದಿನಗಳಲ್ಲಿ ಅವ್ವ ಎದ್ದು ಕುಳಿತಳು. ಗುಳಿಗೆಯ ಗುಣವೆಂದು ತಮ್ಮ ಈಗಲೂ ಹೇಳುತ್ತಾನೆ, ಮಜ್ಜಿಗೆಯ ಗುಣವೆಂದು ಅವ್ವ. ಮದ್ದು ನಿಂತದ್ದರಿಂದ ಭೇದಿಯೂ ನಿಂತಿತು ಎಂಬ ನನ್ನ ಮಾತನ್ನು ಇಬ್ಬರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಇಂಥ ಜಗಳವನ್ನು ಒಂದು ಮನೆಯ ಅನುಭವ ತೀರಿಸಲಾರದು. ಅದಕ್ಕೆ ಸಾವಿರಾರು ರೋಗಿಗಳನ್ನು ಎರಡು ಗುಂಪು ಮಾಡಿ ನೋಡಬೇಕು. ಹಾಗೆ ನೋಡಿದವರೂ ಇದ್ದಾರೆ. 2012ರಲ್ಲಿ 63 ಪ್ರಯೋಗಗಳನ್ನು, ಒಟ್ಟು 11,811 ಜನರ ಫಲಿತಾಂಶಗಳನ್ನು ಕೂಡಿಸಿ ನೋಡಿದಾಗ, ಆಂಟಿಬಯಾಟಿಕ್ಕಿನ ಜೊತೆಗೆ ಪ್ರೋಬಯಾಟಿಕ್ ತೆಗೆದುಕೊಂಡವರಲ್ಲಿ ಭೇದಿಯ ಸಂಭವ ಶೇಕಡ 42ರಷ್ಟು ಕಡಿಮೆ ಕಂಡಿತು. ತಮ್ಮ ಗೆದ್ದ ಎನ್ನಬೇಕು. ಆದರೆ ಮರುವರ್ಷವೇ ಬ್ರಿಟನ್ನಿನಲ್ಲಿ, ಅವ್ವನಂತೆಯೇ 65 ದಾಟಿ ಆಸ್ಪತ್ರೆ ಸೇರಿದ್ದ 2,941 ಜನರ ಮೇಲೆ ನಡೆದ ಒಂದೇ ದೊಡ್ಡ ಪ್ರಯೋಗದ ಫಲಿತಾಂಶ ಹೊರಬಂತು: ಗುಳಿಗೆ ನುಂಗಿದವರಲ್ಲಿ ಭೇದಿ ಶೇಕಡ 10.8, ಬರಿಯ ಹುಸಿಗುಳಿಗೆ ನುಂಗಿದವರಲ್ಲಿ ಶೇಕಡ 10.4. ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2018ರಲ್ಲಿ ಇನ್ನೂ ವಿಚಿತ್ರವಾದುದನ್ನು ಕಂಡರು. ಅದು ಸಣ್ಣ ಪ್ರಯೋಗವೇ ಆಗಿದ್ದರೂ, ಆಂಟಿಬಯಾಟಿಕ್ ಮುಗಿದ ಮೇಲೆ ಪ್ರೋಬಯಾಟಿಕ್ ತೆಗೆದುಕೊಂಡವರಲ್ಲಿ ಅವರದೇ ಹಳೆಯ ಒಕ್ಕಲು ಮರಳಿ ಬರುವುದು ತಡವಾಗಿತ್ತು. ಹೊಸಬರು ಬಂದು ಪಡಸಾಲೆಯಲ್ಲಿ ಕುಳಿತದ್ದರಿಂದ ಮನೆಯವರು ಬಾಗಿಲಲ್ಲಿ ನಿಲ್ಲಬೇಕಾಯಿತೇನೋ!

ಹೀಗೆ ಒಂದು ಕಡೆ ಹೌದೆಂದೂ ಇನ್ನೊಂದು ಕಡೆ ಅಲ್ಲವೆಂದೂ ಬರಲು ಕಾರಣವೇನು? ಒಕ್ಕಲುತನದ ಮನೆಗಳವರಿಗೆ ಇದು ಕಠಿಣವಲ್ಲ. ಹಿಂಗಾರಿನಲ್ಲಿ ಬಿತ್ತಲು ಬರಿಯ 'ಜೋಳ' ಕೊಡಿ ಎಂದು ಯಾವ ರೈತನೂ ಕೇಳುವುದಿಲ್ಲ. ಎರೆಹೊಲದ ತೇವಕ್ಕೆ, ಚಳಿಗಾಲದ ಇಬ್ಬನಿಗೆ ಬೆಳೆಯುವ ಮಾಲದಂಡಿ ಬೇಕೆಂದು ತಳಿಯ ಹೆಸರು ಹಿಡಿದು ಕೇಳುತ್ತಾನೆ. ಮುಂಗಾರಿನ ಹೈಬ್ರಿಡ್ ಬೀಜವೂ ಜೋಳವೇ. ಆದರೆ ಮಾಲದಂಡಿಯ ಕೆಲಸವನ್ನು ಅದು ಮಾಡದು. ಪ್ರೋಬಯಾಟಿಕ್ಕುಗಳದೂ ಇದೇ ರೀತಿ. ಲ್ಯಾಕ್ಟೊಬ್ಯಾಸಿಲಸ್ ಎಂಬುದು ಕುಲದ ಹೆಸರು. ಅದರೊಳಗೆ ಪ್ರಭೇದ, ಪ್ರಭೇದದೊಳಗೆ ತಳಿ. ಒಂದು ತಳಿ ಒಂದು ಕಾಯಿಲೆಯಲ್ಲಿ ಮಾಡಿದ ಉಪಕಾರವನ್ನು ಇನ್ನೊಂದು ತಳಿ ಇನ್ನೊಂದು ಕಾಯಿಲೆಯಲ್ಲಿ ಮಾಡುತ್ತದೆಯೆಂದು ನಂಬಲು ಆಧಾರವಿಲ್ಲ. ಹೊಲವೂ ಬೇರೆ ಬೇರೆ. ಅದೇ ತಳಿ ಒಬ್ಬರ ಕರುಳಿನಲ್ಲಿ ಕೆಲವು ದಿನ ನಿಂತರೆ, ಮತ್ತೊಬ್ಬರ ಕರುಳಿನಲ್ಲಿ ನಿಲ್ಲದೆ ಹೊರಟುಹೋಗುತ್ತದೆ.

ಮಕ್ಕಳ ವಿಷಯದಲ್ಲಿ ನಮ್ಮ ದೇಶದಲ್ಲಿಯೇ ನಡೆದ ಎರಡು ದೊಡ್ಡ ಪ್ರಯೋಗಗಳನ್ನು ಇಲ್ಲಿ ಹೇಳಲೇಬೇಕು. ಕೋಲ್ಕತ್ತದ ಕೊಳೆಗೇರಿಗಳ ಒಂದರಿಂದ ಐದು ವರ್ಷದ 3,758 ಮಕ್ಕಳಲ್ಲಿ ಅರ್ಧ ಜನಕ್ಕೆ, ಜಪಾನಿನ ಮಿನೋರು ಶಿರೋಟಾ ಅವರು 1930ರಲ್ಲಿ ಬೇರ್ಪಡಿಸಿದ ತಳಿಯುಳ್ಳ ಪಾನೀಯವನ್ನು 12 ವಾರ ದಿನವೂ ಕುಡಿಸಿದರು. 2011ರಲ್ಲಿ ಪ್ರಕಟವಾದಂತೆ, ಅಂಥ ಮಕ್ಕಳಲ್ಲಿ ಭೇದಿ ಶೇಕಡ 14ರಷ್ಟು ಕಡಿಮೆಯಾಗಿತ್ತು. ಶುದ್ಧ ನೀರು, ಶೌಚಾಲಯ, ಕೈತೊಳೆಯುವ ಸಾಬೂನುಗಳ ಮುಂದೆ ಇದು ಸಣ್ಣ ಸಹಾಯವೆನ್ನಬೇಕು. ಒಡಿಶಾದ್ದು ಮಾತ್ರ ಸಣ್ಣದಲ್ಲ. ಪಿನಾಕಿ ಪಾಣಿಗ್ರಾಹಿ ಮತ್ತು ಸಂಗಡಿಗರು ಅಲ್ಲಿನ 149 ಹಳ್ಳಿಗಳ 4,556 ನವಜಾತ ಶಿಶುಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ತಳಿಯನ್ನೂ ಅದಕ್ಕೆ ಆಹಾರವಾಗುವ ಒಂದು ಬಗೆಯ ಸಕ್ಕರೆಯನ್ನೂ ಬರಿಯ ಏಳು ದಿನ ಬಾಯಿಗೆ ಹಾಕಿದರು. ಎರಡು ತಿಂಗಳು ಕಾದು ನೋಡಿದರು. ರಕ್ತನಂಜು ಅಥವಾ ಸಾವು ಎಂಬ ಆಪತ್ತು ಇನ್ನೊಂದು ಗುಂಪಿನಲ್ಲಿ ನೂರಕ್ಕೆ 9 ಇದ್ದದ್ದು, ಈ ಗುಂಪಿನಲ್ಲಿ 5.4ಕ್ಕೆ ಇಳಿದಿತ್ತು. 2017ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದು ಪ್ರಕಟವಾದಾಗ ನಾನು ಎರಡು ಸಲ ಓದಿದೆ. ತೂಕ ಸರಿಯಾಗಿದ್ದ, ಆರೋಗ್ಯವಂತ ಶಿಶುಗಳನ್ನೇ ಅವರು ಆರಿಸಿಕೊಂಡಿದ್ದರೆಂಬುದನ್ನು ಮರೆಯಬಾರದು. ಮರುವರ್ಷ ಅಮೆರಿಕ ಮತ್ತು ಕೆನಡಾಗಳಲ್ಲಿ, ವಾಂತಿಭೇದಿಯಾಗಿ ಆಸ್ಪತ್ರೆಗೆ ಬಂದ ಮಕ್ಕಳಿಗೆ ಬೇರೆ ತಳಿಗಳನ್ನು ಕೊಟ್ಟು ಮಾಡಿದ ಎರಡು ಪ್ರಯೋಗಗಳಲ್ಲಿ ಎಳ್ಳಷ್ಟೂ ಉಪಯೋಗ ಕಾಣಲಿಲ್ಲ. ಮನೆಯ ಮಗುವಿಗೆ ಭೇದಿಯಾದಾಗ ಮೊದಲು ಕೈಹಾಕಬೇಕಾದದ್ದು ಓಆರ್‌ಎಸ್ ಪೊಟ್ಟಣಕ್ಕೆ, ವೈದ್ಯರು ಬರೆದುಕೊಡುವ ಸತುವಿನ ಗುಳಿಗೆಗೆ.

ಈಗ ತಂಗಿಯ ವಿಷಯ. ಅವಳಿಗೆ ಸ್ತನದ ಕ್ಯಾನ್ಸರ್ ಎಂದು ತಿಳಿದು ಹುಬ್ಬಳ್ಳಿಯಲ್ಲಿ ಕಿಮೋ ಚಿಕಿತ್ಸೆ ಆರಂಭವಾಗಿತ್ತು. ಎರಡನೆಯ ಸುತ್ತಿನ ಹೊತ್ತಿಗೆ ಬಾಯೆಲ್ಲ ಹುಣ್ಣು, ದಿನಕ್ಕೆ ಆರೇಳು ಸಲ ಭೇದಿ. ಮದ್ದು ಏರಿಸಲು ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕಿದ್ದರು. ಇಂಥ ಹೊತ್ತಿನಲ್ಲಿ ನೋಡಲು ಬಂದವರೆಲ್ಲ ಏನಾದರೊಂದು ತರುತ್ತಾರೆ. ಬರಿಗೈಲಿ ಬರುವುದು ನಮ್ಮವರ ಸ್ವಭಾವವಲ್ಲ. ಬೆಳಗಾವಿಯಿಂದ ಬಂದ ಅವಳ ನಾದಿನಿ ಪ್ರೋಬಯಾಟಿಕ್ ಪುಡಿಯ ಇಪ್ಪತ್ತು ಪೊಟ್ಟಣಗಳ ಒಂದು ಡಬ್ಬಿಯನ್ನೇ ತಂದಿದ್ದಳು. ಔಷಧದ ಅಂಗಡಿಯವರು, "ಭೇದೀನೂ ನಿಲ್ಲತೈತಿ, ಶಕ್ತೀನೂ ಬರತೈತಿ" ಎಂದು ಹೇಳಿ ಕೊಟ್ಟಿದ್ದರಂತೆ. ಅವಳ ಪ್ರೀತಿಯಲ್ಲಿ ಕೊರತೆಯೇನೂ ಇರಲಿಲ್ಲ. ಹಾಸಿಗೆಯ ಮಗ್ಗುಲಲ್ಲಿ ಕುಳಿತು ಒಂದು ಪೊಟ್ಟಣ ಹರಿಯಲು ಹೊರಟಾಗ, ದಾದಿ ದೂರದಿಂದಲೇ ಕೂಗಿ ತಡೆದಳು. ಸ್ವಲ್ಪ ಹೊತ್ತಿಗೆ ವೈದ್ಯರು ಬಂದರು. ಡಬ್ಬಿಯನ್ನು ತಿರುಗಿಸಿ ಹೆಸರು ಓದಿ, "ಇದನ್ನ ಈ ಖೋಲ್ಯಾಗ ಒಡಿಬ್ಯಾಡ್ರಿ, ಹೊರಗ ಒಯ್ಯರಿ" ಎಂದರು.

ಅದು ಸ್ಯಾಕರೊಮೈಸಿಸ್ ಬೌಲಾರ್ಡಿ ಎಂಬ ಯೀಸ್ಟ್. ಆರೋಗ್ಯವಂತರು ನುಂಗಿದರೆ ಕರುಳಿನಲ್ಲಿ ಹಾದು ಹೊರಟುಹೋಗುತ್ತದೆ. ಆದರೆ ಕಿಮೋ ಮದ್ದಿನಿಂದ ತಂಗಿಯ ಬಿಳಿಯ ರಕ್ತಕಣಗಳು ಪಾತಾಳಕ್ಕೆ ಇಳಿದಿದ್ದವು. ಕರುಳಿನ ಒಳಪದರವೂ ಬಾಯಿಯಂತೆಯೇ ಹುಣ್ಣಾಗಿತ್ತು. ಅಂಥವರಲ್ಲಿ ಈ ಯೀಸ್ಟ್ ಕರುಳಿನ ಗೋಡೆ ದಾಟಿ ರಕ್ತವನ್ನೇ ಸೇರಿದ ಪ್ರಸಂಗಗಳು ವೈದ್ಯಕೀಯ ದಾಖಲೆಗಳಲ್ಲಿವೆ. ನುಂಗಲೇಬೇಕೆಂದಿಲ್ಲ; ಪೊಟ್ಟಣ ಹರಿದಾಗ ಹಾರುವ ಧೂಳು ಕೈಗೆ, ಕೈಯಿಂದ ಕುತ್ತಿಗೆಯ ನಳಿಕೆಗೆ ತಗಲಿದರೂ ಸಾಕು. ಮಗ್ಗುಲ ಹಾಸಿಗೆಯ ರೋಗಿಗೂ ಅದರಿಂದ ಅಪಾಯ. ಯುರೋಪಿನ ಔಷಧ ನಿಯಂತ್ರಕರು 2017ರಲ್ಲಿ ಇಂಥ ನಳಿಕೆ ಇರುವವರಿಗೆ, ತೀವ್ರ ಅಸ್ವಸ್ಥರಿಗೆ, ರೋಗನಿರೋಧಕ ಶಕ್ತಿ ಕುಂದಿದವರಿಗೆ ಈ ಯೀಸ್ಟನ್ನು ಕೊಡಲೇಬಾರದೆಂದು ನಿರ್ಣಯಿಸಿದ್ದಾರೆ. ಬ್ಯಾಕ್ಟೀರಿಯಾದ ಪುಡಿಗಳೂ ಇದಕ್ಕೆ ಹೊರತಲ್ಲ. ತಿಂಗಳು ತುಂಬದೆ ಹುಟ್ಟಿದ ಒಂದು ಶಿಶು ಆಸ್ಪತ್ರೆಯಲ್ಲಿ ಕೊಟ್ಟ ಪ್ರೋಬಯಾಟಿಕ್ಕಿನ ಬ್ಯಾಕ್ಟೀರಿಯಾದಿಂದಲೇ ರಕ್ತನಂಜು ತಗಲಿ ತೀರಿಕೊಂಡ ಮೇಲೆ, ಅಮೆರಿಕದ ಎಫ್‌ಡಿಎ 2023ರಲ್ಲಿ ವೈದ್ಯರಿಗೆಲ್ಲ ಎಚ್ಚರಿಕೆಯ ಪತ್ರ ಬರೆಯಿತು. ರೋಗನಿರೋಧಕ ಶಕ್ತಿ ಕೊಡುತ್ತದೆಂದು ಹೊಗಳಿ ಮಾರುವ ಪದಾರ್ಥವು, ಆ ಶಕ್ತಿ ನಿಜವಾಗಿ ಇಲ್ಲವಾದವರಿಗೇ ಕಂಟಕವಾಗುವುದೆಂದರೆ ಇದೆಂಥ ವಿಪರ್ಯಾಸ! ಡಬ್ಬಿಯ ಮೇಲಿನ ದೊಡ್ಡ ಅಕ್ಷರಗಳಲ್ಲಿ ಇದರ ಸುಳಿವೂ ಇರುವುದಿಲ್ಲ.

ನಾದಿನಿ ಅಳುತ್ತ ಹೊರಗೆ ನಿಂತಳು. ತಂಗಿಗೆ ಇನ್ನೊಂದೇ ಚಿಂತೆ. "ಮಜ್ಜಿಗೀನೂ ಬ್ಯಾಡಂತಾರೇನ ಅಕ್ಕಾ? ಹಂಗಾದ್ರ ನಾ ಏನ ಉಣ್ಣಲಿ?" ಎಂದಳು. ಕಣಗಳ ಎಣಿಕೆ ಏರುವವರೆಗೆ ಅದೂ ಬೇಡ, ಎಣಿಕೆ ನೋಡಿ ಹೇಳುತ್ತೇನೆ ಎಂದರು ವೈದ್ಯರು. ಪ್ರತಿ ಆಸ್ಪತ್ರೆಯಲ್ಲಿಯೂ ಈ ವಿಷಯದಲ್ಲಿ ಒಂದೇ ನಿಯಮವಿರುವುದಿಲ್ಲವಾದ್ದರಿಂದ ಚಿಕಿತ್ಸೆ ಮಾಡುವವರನ್ನೇ ಕೇಳುವುದು ಲೇಸು. ಚಿಕಿತ್ಸೆಯೆಲ್ಲ ಮುಗಿದು ಅವಳು ತನ್ನ ಮನೆಗೆ ಮರಳುವಷ್ಟರಲ್ಲಿ ಆ ಮನೆಯ ಹೆಪ್ಪು ಎಂದೋ ತೀರಿಹೋಗಿತ್ತು. ಮಗ್ಗುಲ ಮನೆಯವರು ಬಟ್ಟಲಿನಲ್ಲಿ ಹೆಪ್ಪು ಕೊಟ್ಟರು. ಮೊದಲ ದಿನದ ಮೊಸರು ಕೂಡಲಿಲ್ಲ, ಎರಡನೆಯ ದಿನ ಕೂಡಿತು.

ಹಾಗಾದರೆ ಅಂಗಡಿಯ ಪುಡಿಯನ್ನು ಯಾರೂ ಮುಟ್ಟಬಾರದೆಂದು ನನ್ನ ಅಭಿಪ್ರಾಯವೇ? ಅಲ್ಲ. ವೈದ್ಯರು ಬರೆದುಕೊಟ್ಟರೆ, ಇಂಥ ಕಾಯಿಲೆಗೆ ಇಂಥ ತಳಿ, ಇಷ್ಟು ದಿನ ಎಂದು ಹೇಳಿದರೆ ತೆಗೆದುಕೊಳ್ಳಬೇಕು. ಅಮೆರಿಕದ ಜಠರಕರುಳಿನ ತಜ್ಞರ ಸಂಘ 2020ರಲ್ಲಿ ಎಲ್ಲ ಪ್ರಯೋಗಗಳನ್ನೂ ಸೋಸಿ ನೋಡಿ, ಕೆಲವೇ ಕೆಲವು ಸಂದರ್ಭಗಳಲ್ಲಿ ಮಾತ್ರ ಕೊಡಬಹುದೆಂದೂ ಜೀರ್ಣಾಂಗದ ಬಹುಪಾಲು ಕಾಯಿಲೆಗಳಲ್ಲಿ ಸಾಕಷ್ಟು ಆಧಾರವಿಲ್ಲವೆಂದೂ ಹೇಳಿತು. ಬರೆದುಕೊಟ್ಟ ಮೇಲೂ ಡಬ್ಬಿಯನ್ನು ತಿರುಗಿಸಿ ಓದುವುದು ನಮ್ಮ ಹಕ್ಕು. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿಯೂ ಜೈವಿಕ ತಂತ್ರಜ್ಞಾನ ಇಲಾಖೆಯೂ ಕೂಡಿ 2011ರಲ್ಲಿ ಪ್ರೋಬಯಾಟಿಕ್ ಆಹಾರಗಳಿಗೆ ಹಾಕಿಕೊಟ್ಟ ಮಾರ್ಗಸೂಚಿಯಂತೆ ಕುಲ, ಪ್ರಭೇದ, ತಳಿಗಳ ಹೆಸರು, ಬಳಕೆಯ ಅವಧಿ ಮುಗಿಯುವ ದಿನಕ್ಕೆ ಉಳಿದಿರುವ ಜೀವಂತ ಜೀವಿಗಳ ಸಂಖ್ಯೆ, ಇಡಬೇಕಾದ ರೀತಿ ಇವೆಲ್ಲ ಡಬ್ಬಿಯ ಮೇಲಿರಬೇಕು. ತಯಾರಾದ ದಿನದ ಸಂಖ್ಯೆಯನ್ನು ದೊಡ್ಡದಾಗಿ ಬರೆದು ಕೊನೆಯ ದಿನದ್ದನ್ನು ಬರೆಯದಿದ್ದರೆ ಅದನ್ನು ನಂಬಲು ನನಗೆ ಮನಸ್ಸಾಗುವುದಿಲ್ಲ. ಫ್ರಿಜ್ಜಿನಲ್ಲಿಡಬೇಕೆಂದಿದ್ದ ಡಬ್ಬಿ ಅಂಗಡಿಯ ಕಿಟಕಿಯ ಬಿಸಿಲಿನಲ್ಲಿ ಕುಳಿತಿದ್ದರೆ ಅದರೊಳಗಿರುವುದು ಜೀವಿಗಳಲ್ಲ, ಅವುಗಳ ಹೆಣ. ಪುಡಿಯನ್ನು ಬಿಸಿ ಹಾಲಿನಲ್ಲಿ ಕಲಕಿ ಕುಡಿಯುವವರನ್ನೂ ಕಂಡಿದ್ದೇನೆ. ಹಣ ಕೊಟ್ಟು ತಂದು ತಾವೇ ಬೇಯಿಸಿದಂತೆ.

ಆರೋಗ್ಯವಾಗಿರುವವರು ದಿನಾಲು ಏನು ಮಾಡಬೇಕೆಂಬುದಕ್ಕೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಒಂದು ಪ್ರಯೋಗ ಸ್ವಲ್ಪ ಬೆಳಕು ಕೊಡುತ್ತದೆ. 2021ರಲ್ಲಿ ಪ್ರಕಟವಾದ ಅದರಲ್ಲಿ ಇದ್ದವರು 36 ಜನ ಮಾತ್ರ. ಹತ್ತು ವಾರ ಮೊಸರಿನಂಥ ಹುದುಗಿದ ಪದಾರ್ಥಗಳನ್ನು ಹೆಚ್ಚಾಗಿ ಉಂಡವರ ಕರುಳಿನಲ್ಲಿ ಜೀವಿಗಳ ವೈವಿಧ್ಯ ಹೆಚ್ಚಿತು, ದೇಹದೊಳಗಿನ ಉರಿಯೂತದ ಗುರುತುಗಳಾದ 19 ಪ್ರೋಟೀನುಗಳು ತಗ್ಗಿದವು. ನಾರಿನ ಪದಾರ್ಥಗಳನ್ನು ಹೆಚ್ಚಾಗಿ ಉಂಡವರಲ್ಲಿ ಆ ಅವಧಿಯಲ್ಲಿ ವೈವಿಧ್ಯವೇನೂ ಹೆಚ್ಚಲಿಲ್ಲ. ಆದರೂ ನಾರನ್ನು ಬಿಡುವಂತಿಲ್ಲ. ಒಳಗಿರುವ ಒಕ್ಕಲಿಗೆ ಅದೇ ಕೂಳು. ಜೋಳ, ಸಜ್ಜೆ, ರಾಗಿ, ಕಾಳು, ತಪ್ಪಲುಪಲ್ಯಗಳನ್ನು ಬಿಟ್ಟು ಬಿಳಿಯ ಮೈದಾ, ಬಿಸ್ಕತ್ತುಗಳಿಗೆ ಒಗ್ಗಿದ ಮನೆಯಲ್ಲಿ ಎಷ್ಟು ಪೊಟ್ಟಣ ಪುಡಿ ನುಂಗಿದರೂ ಬಂದ ಅತಿಥಿಗಳು ಉಪವಾಸ. ನಮ್ಮ ಮನೆಯಲ್ಲಿ ಈಗ ಅದರ ಚರ್ಚೆ ನಿಂತಿದೆ. ಅವ್ವ ಎಂದಿನಂತೆ ರಾತ್ರಿ ಉಳಿದ ಜೋಳದ ನುಚ್ಚನ್ನು ಬೆಳಗ್ಗೆ ಮಜ್ಜಿಗೆಯಲ್ಲಿ ಕಲಸಿ, ಉಳ್ಳಾಗಡ್ಡಿಯ ಚೂರು ಕಚ್ಚಿಕೊಂಡು ಉಣ್ಣುತ್ತಾಳೆ. ಮರಿಮೊಮ್ಮಗನಿಗೆ ಅದು ಸೇರದು. ಅವನು ಮೊಸರಿಗೆ ಸಕ್ಕರೆ ಹಾಕಿಸಿಕೊಳ್ಳುತ್ತಾನೆ.